ನಲವತ್ತರ ಆಚೀಚೆ ಬದುಕಿನ ದಾರಿ ಬದಲಿಸುವವರಿಗೆ: ಬೇರು ಕಡಿಯದೆ ಕಸಿ ಕಟ್ಟುವ ಕ್ರಮ

ಇರುವ ಕೆಲಸ ಒಗ್ಗುತ್ತಿಲ್ಲ, ಉಳಿದ ಆಯುಷ್ಯವನ್ನಾದರೂ ಮನಸ್ಸಿಗೆ ಹಿಡಿಸಿದ ಕೆಲಸದಲ್ಲಿ ಕಳೆಯಬೇಕು ಎಂಬ ಯೋಚನೆ ಮೂವತ್ತೈದು ದಾಟಿದ ಅನೇಕರೊಳಗೆ ವರ್ಷಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಕೆಲವರು ಒಂದು ದಿನ ಬೇಸತ್ತು ಥಟ್ಟನೆ ರಾಜೀನಾಮೆ ಕೊಡುತ್ತಾರೆ. ಹೆಚ್ಚಿನವರು ಆ ಯೋಚನೆಯನ್ನು ನಿವೃತ್ತಿಯವರೆಗೆ ಮುಂದೂಡುತ್ತಾರೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ನಾನು 2009ರಿಂದ 2023ರವರೆಗೆ ಹದಿನಾಲ್ಕು ವರ್ಷ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಈಗ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ನನ್ನ ತವರೂರಿನಲ್ಲಿ ಹಲಸು ಮತ್ತು ಮಾವಿನ ಕಸಿ ಸಸಿಗಳ ಸಣ್ಣ ನರ್ಸರಿ ನಡೆಸುತ್ತಿದ್ದೇನೆ. ನಾನು ನಡೆದ ದಾರಿ, ಎಡವಿದ ಜಾಗ, ಮೊದಲೇ ತಿಳಿದಿದ್ದರೆ ಒಳ್ಳೆಯದಿತ್ತು ಎನ್ನಿಸಿದ ಸಂಗತಿಗಳು ಇವನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ. ನಿಮ್ಮ ಕನಸಿನ ಕಸುಬು ಹೊಲಿಗೆಯಾಗಿರಬಹುದು, ಬೇಕರಿಯಾಗಿರಬಹುದು, ಅರ್ಧಕ್ಕೆ ನಿಂತ ಓದಾಗಿರಬಹುದು. ಕ್ರಮ ಮಾತ್ರ ಬಹುಮಟ್ಟಿಗೆ ಇದೇ.

ಕಸಿ ಕಟ್ಟುವವರು ಬೇರುಗಿಡವನ್ನು ಕಿತ್ತು ಹಾಕುವುದಿಲ್ಲ. ನೆಲದಲ್ಲಿ ಆಗಲೇ ಊರಿಕೊಂಡ ಬೇರಿನ ಮೇಲೆ, ತಮಗೆ ಬೇಕಾದ ಮರದ ಕಡ್ಡಿಯನ್ನು ಕೂಡಿಸಿ ಬಿಗಿದು, ಎರಡೂ ಒಂದಾಗುವವರೆಗೆ ಕಾಯುತ್ತಾರೆ. ನನ್ನ ಅನುಭವದಲ್ಲಿ ನಡುವಯಸ್ಸಿನ ಬದಲಾವಣೆ ಉಳಿದು ಬಾಳುವುದು ಹೀಗೆ ನಡೆದಾಗಲೇ. ಹಳೆಯ ಸಂಬಳ, ಹಳೆಯ ಪರಿಣತಿ, ಹಳೆಯ ಪರಿಚಯ ಇವೆಲ್ಲ ಹೊಸ ಕೆಲಸಕ್ಕೆ ನೀರುಣಿಸುವ ಬೇರು. ಹೊಸ ಚಿಗುರು ತನ್ನ ಕಾಲ ಮೇಲೆ ನಿಲ್ಲುವ ಮೊದಲೇ ಅದನ್ನು ಕಡಿಯಬಾರದು.

ಬೇಕಾದ ಬದುಕನ್ನು ವಾರದ ಅಳತೆಗೆ ಇಳಿಸಿ

“ನೆಮ್ಮದಿಯಾಗಿರಬೇಕು”, “ಸ್ವಂತದ್ದೇನಾದರೂ ಮಾಡಬೇಕು” ಎಂಬಂಥ ಮಾತುಗಳಿಂದ ಯಾವ ಯೋಜನೆಯೂ ಹುಟ್ಟುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು, ನೀವು ಬಯಸುವ ಬದುಕಿನ ಒಂದು ವಾರವನ್ನು ಸೋಮವಾರದಿಂದ ಭಾನುವಾರದವರೆಗೆ ಬರೆಯಿರಿ: ಎಷ್ಟು ಗಂಟೆಗೆ ಏಳುತ್ತೀರಿ, ಯಾರೊಡನೆ ಕೆಲಸ ಮಾಡುತ್ತೀರಿ, ಕೈಯಲ್ಲಿ ಏನಿರುತ್ತದೆ, ಮಧ್ಯಾಹ್ನದ ಊಟ ಎಲ್ಲಿ, ಹಣ ಯಾವ ದಿನ ಯಾರಿಂದ ಬರುತ್ತದೆ, ಆ ಕೆಲಸದಲ್ಲಿ ಬೇಸರ ತರುವ ಭಾಗ ಯಾವುದು. ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಅದೇ ಮುಖ್ಯ. ನರ್ಸರಿ ಎಂದರೆ ಹಸಿರಿನ ನಡುವೆ ಓಡಾಡುವುದು ಎಂದು ನಾನು ಮೊದಲು ಬರೆದುಕೊಂಡಿದ್ದೆ. ಒಂದು ವಾರ ಪರಿಚಯದವರ ನರ್ಸರಿಯಲ್ಲಿ ಕುಳಿತು ನೋಡಿದಾಗ, ದಿನದ ಬಹುಪಾಲು ಹೊತ್ತು ಮಣ್ಣು, ಗೊಬ್ಬರ ಬೆರೆಸಿ ಚೀಲ ತುಂಬುವುದರಲ್ಲಿ, ಕಳೆ ಕೀಳುವುದರಲ್ಲಿ, ಸಸಿಯ ಬೆಲೆಗೆ ಚೌಕಾಸಿ ಮಾಡುವವರಿಗೆ ಉತ್ತರ ಕೊಡುವುದರಲ್ಲಿ ಕಳೆಯುತ್ತದೆಂದು ತಿಳಿಯಿತು. ಅದನ್ನು ನೋಡಿದ ಮೇಲೂ ಆಸೆ ಉಳಿದದ್ದರಿಂದ ಮುಂದಿನ ಹೆಜ್ಜೆ ಇಟ್ಟೆ.

ಹಾಗಾಗಿ ಬರೆದು ಮುಗಿದ ಕೂಡಲೇ ಆ ಕಸುಬಿನಲ್ಲಿ ಈಗಾಗಲೇ ಇರುವ ಕನಿಷ್ಠ ಮೂವರನ್ನು ಹುಡುಕಿ, ಅವರ ಕೆಲಸದ ಹೊತ್ತಿನಲ್ಲಿಯೇ ಹೋಗಿ ನೋಡಿ. ವ್ಯಾಪಾರ ಚೆನ್ನಾಗಿರುವ ಒಬ್ಬರು, ಕಷ್ಟದಲ್ಲಿರುವ ಒಬ್ಬರು, ಅದನ್ನು ಕೈಬಿಟ್ಟ ಒಬ್ಬರು ಇದ್ದರೆ ಒಳ್ಳೆಯದು. ಬಿಟ್ಟವರು ಹೇಳುವ ಲೆಕ್ಕ ನಡೆಸುತ್ತಿರುವವರ ಲೆಕ್ಕಕ್ಕಿಂತ ಬಿಚ್ಚುಮನಸ್ಸಿನದಾಗಿರುತ್ತದೆ. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿರುವುದರಿಂದ, ಇಂಥ ಓಡಾಟಕ್ಕೆ ಈಗ ಹಣದ ಅಡ್ಡಿ ಅಷ್ಟಾಗಿ ಇಲ್ಲ.

ನಿಮ್ಮ ಅಂಗಳದಲ್ಲೇ ಇರುವ ಮರ

ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಬಳಿ ರೈತ ಕುಟುಂಬವೊಂದರ ಜಮೀನಿನಲ್ಲಿ ದಶಕಗಳಿಂದ ಒಂದು ಹಲಸಿನ ಮರವಿತ್ತು. ತಾಮ್ರಗೆಂಪು ತೊಳೆಯ ಅದರ ಹಣ್ಣನ್ನು ನೆಂಟರಿಷ್ಟರು ತಿಂದು ಹೊಗಳುತ್ತಿದ್ದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಗುಣವನ್ನು ಪರೀಕ್ಷಿಸಿ “ಸಿದ್ದು ಹಲಸು” ಎಂಬ ಹೆಸರಿನಲ್ಲಿ ಗುರುತಿಸಿದ ಮೇಲೆ, ಅದೇ ಮರದ ಕಸಿ ಸಸಿಗಳಿಗೆ ದೂರದೂರದಿಂದ ಬೇಡಿಕೆ ಬಂದಿತು. ಮರ ಹೊಸದಾಗಿ ನೆಟ್ಟದ್ದಲ್ಲ. ಅದರ ಬೆಲೆ ತಿಳಿದದ್ದು ಮಾತ್ರ ಹೊಸತು.

ನಿಮ್ಮಲ್ಲಿಯೂ ಅಂಥದ್ದು ಏನಿದೆ ಎಂದು ನೀವೊಬ್ಬರೇ ಕುಳಿತು ಪಟ್ಟಿ ಮಾಡಿದರೆ ಅರ್ಧ ತಪ್ಪಿಹೋಗುತ್ತದೆ, ಏಕೆಂದರೆ ದಿನವೂ ಸಲೀಸಾಗಿ ಮಾಡುವುದು ನಮಗೆ ಪರಿಣತಿಯಾಗಿ ಕಾಣುವುದಿಲ್ಲ. ಸಹೋದ್ಯೋಗಿಗಳಲ್ಲಿ, ಅಕ್ಕತಂಗಿಯರಲ್ಲಿ, ನೆರೆಯವರಲ್ಲಿ ಐದಾರು ಮಂದಿಯನ್ನು ಒಂದೇ ಪ್ರಶ್ನೆ ಕೇಳಿ: “ನಿಮಗೆ ಯಾವ ಕೆಲಸ ಬಿದ್ದಾಗ ನನ್ನ ನೆನಪಾಗುತ್ತದೆ?” ನನಗೆ ಐವರಲ್ಲಿ ನಾಲ್ವರು ಹೇಳಿದ್ದು ಲೆಕ್ಕವನ್ನು. ಅದು ಕೇಳಿ ನಿರಾಸೆಯಾಯಿತು, ಏಕೆಂದರೆ ನಾನು ಬಿಟ್ಟುಹೋಗಬೇಕೆಂದುಕೊಂಡದ್ದೇ ಲೆಕ್ಕವನ್ನು. ಆದರೆ ಸಸಿಯೊಂದಕ್ಕೆ ಮಣ್ಣು, ಚೀಲ, ಕೂಲಿ, ನೀರು, ಸತ್ತ ಸಸಿಗಳ ನಷ್ಟ ಎಲ್ಲ ಸೇರಿ ಎಷ್ಟು ಬೀಳುತ್ತದೆ ಎಂದು ಪೈಸೆಯ ಮಟ್ಟಿಗೆ ತಿಳಿದುಕೊಳ್ಳಲು ಇಂದು ನೆರವಾಗುತ್ತಿರುವುದು ಅದೇ ಪರಿಣತಿ. ಹಳೆಯ ಕೆಲಸವನ್ನು ಮಾಡಿದ ಜಾಗ ನಿಮಗೆ ಹಿಡಿಸದೆ ಇರಬಹುದು. ಕೆಲಸವನ್ನೇ ದ್ವೇಷಿಸುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಸಂಬಳ ಬರುತ್ತಿರುವಾಗಲೇ ಒಂದು ಹಂಗಾಮು

ಈ ಬರಹದಲ್ಲಿ ಒಂದೇ ಒಂದು ಸಲಹೆಯನ್ನು ನೀವು ಪಾಲಿಸುವುದಾದರೆ ಅದು ಇದಾಗಿರಲಿ: ಕೆಲಸ ಬಿಡುವ ಮೊದಲು ಹೊಸ ಕಸುಬನ್ನು ಒಂದು ಪೂರ್ತಿ ಸುತ್ತು ಸಣ್ಣದಾಗಿ ಮಾಡಿ ನೋಡಿ. ಬೇಕರಿಯಾದರೆ ಒಂದು ಹಬ್ಬದ ಋತು, ಹೊಲಿಗೆಯಾದರೆ ಒಂದು ಮದುವೆಯ ಕಾಲ, ಓದಾದರೆ ಒಂದು ಪರೀಕ್ಷೆ, ಕೃಷಿಯಾದರೆ ಒಂದು ಬೆಳೆ. ತೊಡಗಿಸುವ ಹಣ ಪೂರ್ತಿ ಹೋದರೂ ಮನೆಯ ಒಂದು ತಿಂಗಳ ಖರ್ಚಿಗಿಂತ ಹೆಚ್ಚು ನಷ್ಟವಾಗದಂತೆ ಅಳತೆ ಇಟ್ಟುಕೊಳ್ಳಿ.

ನಾನು 2021ರ ಮಳೆಗಾಲದಲ್ಲಿ ಶನಿವಾರ ಸಂಜೆ ಯಶವಂತಪುರದಿಂದ ರೈಲು ಹಿಡಿದು ಗುಬ್ಬಿಗೆ ಹೋಗಿ ಭಾನುವಾರ ರಾತ್ರಿ ಮರಳುತ್ತಿದ್ದೆ. ಮೊದಲ ವರ್ಷ ನೂರು ಹಲಸಿನ ಸಸಿಗಳಿಗೆ ಮೃದುಕಾಂಡ ಕಸಿ (ಎಳೆಯ ಕಾಂಡವನ್ನು ಸೀಳಿ ಕಡ್ಡಿ ಕೂಡಿಸುವ ಕಸಿ) ಕಟ್ಟಿದೆ, ಉಳಿದವು ಇಪ್ಪತ್ತಮೂರು. ಕಾರಣಗಳನ್ನು ಒಂದೊಂದಾಗಿ ಬರೆದುಕೊಂಡೆ. ಕಸಿಕಡ್ಡಿಯನ್ನು ತಾಯಿಮರದಿಂದ ಕೊಯ್ಯುವುದಕ್ಕೆ ಒಂದು ವಾರ, ಹತ್ತು ದಿನ ಮೊದಲೇ ಅದರ ಎಲೆಗಳನ್ನು ತೊಟ್ಟು ಮಾತ್ರ ಉಳಿಯುವಂತೆ ಕತ್ತರಿಸಿದರೆ ಮೊಗ್ಗು ಉಬ್ಬಿ ಸಿದ್ಧವಾಗುತ್ತದೆ. ನಾನು ಕೊಯ್ದ ದಿನವೇ ಎಲೆ ತೆಗೆದಿದ್ದೆ. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತದೆ ಬಿಸಿಲಿನಲ್ಲಿ ತಂದಿದ್ದೆ. ಚಾಕು ಹರಿತವಿರಲಿಲ್ಲವಾದ್ದರಿಂದ ಕೊಯ್ತ ನಯವಾಗಿರದೆ, ಬೇರುಗಿಡದ ಮತ್ತು ಕಡ್ಡಿಯ ಸಿಪ್ಪೆಯೊಳಗಿನ ಹಸಿರು ಪದರಗಳು ಒಂದಕ್ಕೊಂದು ತಾಗಿರಲಿಲ್ಲ. ಎರಡನೆಯ ವರ್ಷ ಇವನ್ನು ತಿದ್ದಿಕೊಂಡು ಇನ್ನೂರು ಕಟ್ಟಿದಾಗ ನೂರ ಮೂವತ್ತೊಂದು ಚಿಗುರಿದವು. ಮೊದಲ ವರ್ಷವೇ ಕೆಲಸ ಬಿಟ್ಟಿದ್ದರೆ ಆ ಎಪ್ಪತ್ತೇಳು ಒಣ ಕಡ್ಡಿಗಳು ನನ್ನ ಮಕ್ಕಳ ಶಾಲಾ ಶುಲ್ಕವನ್ನು ತಿಂದುಹಾಕುತ್ತಿದ್ದವು. ಸಂಬಳವಿದ್ದುದರಿಂದ ಅವು ಪಾಠವಾದವು.

ಪ್ರಯೋಗದ ಉದ್ದಕ್ಕೂ ಮೂರು ಅಂಕಣಗಳ ಪುಸ್ತಕ ಇಡಿ: ಕಳೆದ ಗಂಟೆಗಳು, ಹೋದ ಮತ್ತು ಬಂದ ಹಣ, ಆ ದಿನ ಮೈಮನಸ್ಸು ಹೇಗಿತ್ತು. ಮೂರನೆಯ ಅಂಕಣವನ್ನು ಹಗುರವಾಗಿ ಎಣಿಸಬೇಡಿ. ದುಡ್ಡು ಬಂದರೂ ಪ್ರತಿ ಭಾನುವಾರ “ಸಾಕಾಯಿತು” ಎಂದೇ ಬರೆದಿದ್ದರೆ ಆ ಕಸುಬು ನಿಮ್ಮದಲ್ಲ ಎಂದು ಅಗ್ಗದಲ್ಲಿ ತಿಳಿದಂತಾಯಿತು.

ಹರೇಕಳ ಹಾಜಬ್ಬ ಅವರನ್ನು ನಾನು ಆಗಾಗ ನೆನೆಯುತ್ತೇನೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ, ಶಾಲೆಯ ಓದು ಸಿಗದಿದ್ದ ಅವರು, ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದು, ತಮ್ಮೂರಿನ ಮಕ್ಕಳಿಗೆ ಆ ಸ್ಥಿತಿ ಬರಬಾರದೆಂದು ಶಾಲೆ ಕಟ್ಟಿಸಿದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಈ ಕತೆಯಲ್ಲಿ ಎಲ್ಲರೂ ಶಾಲೆಯನ್ನೂ ಪ್ರಶಸ್ತಿಯನ್ನೂ ಕಾಣುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು, ಅವರು ಕಿತ್ತಳೆ ಬುಟ್ಟಿಯನ್ನು ಕೆಳಗಿಡದೆಯೇ, ಅದರ ಗಳಿಕೆಯಲ್ಲಿ ಉಳಿಸುತ್ತಲೇ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದದ್ದು. ಹಾಸನ ಜಿಲ್ಲೆಯ ಕ್ಯಾಪ್ಟನ್ ಗೋಪಿನಾಥ್ ಅವರ ವಿಷಯವೂ ಹಾಗೆಯೇ. ಸೇನೆ ಬಿಟ್ಟು ವಿಮಾನಯಾನ ಸಂಸ್ಥೆ ಕಟ್ಟಿದರು ಎಂದು ಒಂದು ಸಾಲಿನಲ್ಲಿ ಹೇಳಿಬಿಡುತ್ತೇವೆ. ಆದರೆ ಸೇನೆ ಬಿಟ್ಟದ್ದಕ್ಕೂ 2003ರಲ್ಲಿ ಏರ್ ಡೆಕ್ಕನ್ ಹಾರಿದ್ದಕ್ಕೂ ನಡುವೆ ತೆಂಗು, ರೇಷ್ಮೆಗಳ ಬೇಸಾಯದಲ್ಲಿ ಕಳೆದ ದೀರ್ಘ ಕಾಲವಿದೆ.

ಕಲಿಯುವುದು ಎಲ್ಲಿ

ಸಾವಿರಾರು ರೂಪಾಯಿ ಶುಲ್ಕದ ತರಬೇತಿಗೆ ಸೇರುವ ಮೊದಲು ನಿಮ್ಮ ಜಿಲ್ಲೆಯಲ್ಲಿ ಉಚಿತವಾಗಿ ಏನಿದೆ ಎಂದು ನೋಡಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿಯೇ ಇಂದು ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಹೊಲಿಗೆ, ಮೊಬೈಲ್ ದುರಸ್ತಿ, ಹೈನುಗಾರಿಕೆ, ವಿದ್ಯುತ್ ಮೋಟಾರ್ ರಿವೈಂಡಿಂಗ್, ಬ್ಯೂಟಿ ಪಾರ್ಲರ್ ಮುಂತಾದ ತರಬೇತಿಗಳು ಊಟ ವಸತಿ ಸಹಿತ ಉಚಿತವಾಗಿರುತ್ತವೆ. ಕೋರ್ಸ್ ಮುಗಿದ ಮೇಲೆ ಎರಡು ವರ್ಷ ಅವರೇ ಸಂಪರ್ಕದಲ್ಲಿದ್ದು, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸಿ, ಉದ್ಯಮ ನಿಂತಿತೇ ಎಂದು ವಿಚಾರಿಸುವುದು ಈ ಪದ್ಧತಿಯ ನಿಜವಾದ ಬಲ. ವಯೋಮಿತಿ ಇರುವುದರಿಂದ, ನಲವತ್ತು ದಾಟಿದವರು ಮುಂದಿನ ವರ್ಷ ನೋಡೋಣ ಎನ್ನದೆ ಈಗಲೇ ವಿಚಾರಿಸಬೇಕು. ಕೃಷಿ, ತೋಟಗಾರಿಕೆಯತ್ತ ಹೊರಟವರು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಿಂದ ಆರಂಭಿಸಲಿ.

ಓದು ನಿಂತುಹೋದವರಿಗೆ ದಾರಿ ಮುಚ್ಚಿಲ್ಲ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುವುದರಿಂದ ಒಂದು ವಿಷಯ ಉಳಿದರೆ ವರ್ಷವೇ ಹೋಯಿತೆಂಬ ಭಯ ಬೇಡ. ಪದವಿಗೆ ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ, ಕೇಂದ್ರದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ (ಇಗ್ನೋ) ಇದೆ. ದೂರಶಿಕ್ಷಣದ ಯಾವ ಕೋರ್ಸಿಗೆ ಹಣ ಕಟ್ಟುವ ಮೊದಲೂ, ನೀವು ಸೇರುವ ವರ್ಷಕ್ಕೆ ಆ ಕೋರ್ಸಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂದು ಆಯೋಗದ ಜಾಲತಾಣದಲ್ಲಿಯೇ ನೋಡಿಕೊಳ್ಳಿ; ಊರಿನ ಅಧ್ಯಯನ ಕೇಂದ್ರದವರ ಮಾತೊಂದನ್ನೇ ನಂಬಬೇಡಿ.

ಹಣದ ಲೆಕ್ಕ

ತಿಂಗಳ ಖರ್ಚನ್ನು ಕೇಳಿದರೆ ಎಲ್ಲರೂ ಕಡಿಮೆಯೇ ಹೇಳುತ್ತಾರೆ, ಏಕೆಂದರೆ ವರ್ಷಕ್ಕೊಮ್ಮೆ ಬರುವ ಖರ್ಚುಗಳು ನೆನಪಿಗೆ ಬರುವುದಿಲ್ಲ. ಬಾಡಿಗೆ, ದಿನಸಿ, ಹಾಲು, ಗ್ಯಾಸ್, ಕರೆಂಟು ಎಲ್ಲ ಸೇರಿ ತಿಂಗಳಿಗೆ 32,000 ರೂಪಾಯಿ ಎಂದಿಟ್ಟುಕೊಳ್ಳಿ. ಶಾಲಾ ಶುಲ್ಕ, ವಿಮೆ, ಹಬ್ಬ, ನೆಂಟರ ಮದುವೆಗಳಿಗೆ ವರ್ಷಕ್ಕೆ 60,000 ಆದರೆ ತಿಂಗಳಿಗೆ ಇನ್ನೂ 5,000 ಸೇರಿ ನಿಜವಾದ ಖರ್ಚು 37,000 ಆಗುತ್ತದೆ. ಆರು ತಿಂಗಳಿಗೆ 2,22,000. ಇಷ್ಟು ಹಣ ಚೀಟಿಯಲ್ಲಿಯೋ ಕೈಸಾಲದಲ್ಲಿಯೋ ಸಿಕ್ಕಿಹಾಕಿಕೊಳ್ಳದೆ, ಬೇಕೆಂದಾಗ ತೆಗೆಯುವಂತೆ ಬ್ಯಾಂಕಿನಲ್ಲಿರಬೇಕು. ಹೊಸ ಕಸುಬಿಗೆ ತೊಡಗಿಸುವ ಬಂಡವಾಳ ಇದರಿಂದ ಬೇರೆಯೇ ಇರಲಿ. ಮನೆಯ ಮತ್ತೊಬ್ಬರ ಸಂಬಳ ನಿಂತಿಲ್ಲವಾದರೆ ಆರು ತಿಂಗಳು ಸಾಕು; ನೀವೊಬ್ಬರೇ ದುಡಿಯುವವರಾದರೆ ಒಂದು ವರ್ಷದ್ದು ಇರುವುದು ಕ್ಷೇಮ.

ಕೆಲಸ ಬಿಡುವ ದಿನಾಂಕವನ್ನು ಮನಸ್ಸಿನ ಆವೇಗಕ್ಕಿಂತ ಕಾನೂನಿನ ಲೆಕ್ಕ ನೋಡಿ ಗೊತ್ತುಮಾಡಿ. ಕಾಯಂ ನೌಕರರಿಗೆ ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡಿಗಂಟು) ದೊರೆಯಲು ಐದು ವರ್ಷಗಳ ನಿರಂತರ ಸೇವೆ ಬೇಕು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವಾವಧಿಯ ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. 18,000 ರೂಪಾಯಿ ವೇತನಕ್ಕೆ 14 ವರ್ಷಗಳಿಗೆ ಸುಮಾರು 1,45,000. ಭವಿಷ್ಯ ನಿಧಿಯ ಜೊತೆಗಿರುವ ಪಿಂಚಣಿಗೆ ಹತ್ತು ವರ್ಷಗಳ ಸದಸ್ಯತ್ವ ಬೇಕು. ಒಂಬತ್ತನೆಯ ವರ್ಷದಲ್ಲಿ ಸಿಟ್ಟಿನಿಂದ ಹೊರಬಂದು ಪೂರ್ತಿ ಹಣ ತೆಗೆದುಕೊಂಡು ಆ ಹಕ್ಕನ್ನೇ ಕಳೆದುಕೊಂಡವರು ನನಗೆ ಗೊತ್ತು. ಇಳಿವಯಸ್ಸಿನಲ್ಲಿ ಅದರ ನೋವು ದೊಡ್ಡದು. ಕಂಪನಿಯ ಆರೋಗ್ಯ ವಿಮೆಯಾಗಲಿ ನೌಕರರ ರಾಜ್ಯ ವಿಮೆಯಾದ ಇಎಸ್‌ಐ ಆಗಲಿ ಕೆಲಸ ಬಿಟ್ಟ ಮೇಲೆ ಹೆಚ್ಚು ಕಾಲ ಉಳಿಯುವುದಿಲ್ಲವಾದ್ದರಿಂದ, ಬಿಡುವುದಕ್ಕೆ ಕೆಲವು ತಿಂಗಳ ಮೊದಲೇ ಸ್ವಂತ ವಿಮೆ ಮಾಡಿಸಿ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟರೆ ಉಳಿದವಕ್ಕೆ ಸಾಮಾನ್ಯವಾಗಿ ಮೊದಲ ಮೂವತ್ತು ದಿನ ರಕ್ಷಣೆ ಇರುವುದಿಲ್ಲ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಸಾಲ ಅನಿವಾರ್ಯವಾದರೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಶಿಶು ವರ್ಗದಲ್ಲಿ 50,000ದವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷದವರೆಗೆ ದೊರೆಯುತ್ತದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಮಹಿಳೆಯರಿಗೆ ಯೋಜನಾ ವೆಚ್ಚದ ಶೇ. 35ರವರೆಗೆ ಸಹಾಯಧನವಿದೆ. ಆದರೆ ಅದು ಹೊಸ ಘಟಕಗಳಿಗೆ ಮಾತ್ರ ಸಲ್ಲುತ್ತದೆ; ಅಂಗಡಿ ತೆರೆದು ಆಮೇಲೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಬೇಸಾಯದ ಕಸುಬುಗಳು ಅದರ ವ್ಯಾಪ್ತಿಯ ಹೊರಗಿರುವುದರಿಂದ ನನಗೆ ಅದು ಒದಗಲಿಲ್ಲ. ನಾನು ಉಳಿತಾಯದಿಂದಲೇ ಆರಂಭಿಸಿದೆ. ಒಡವೆ ಅಡವಿಟ್ಟು ಹೊಸ ಕಸುಬು ಆರಂಭಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಮನೆಯವರೊಡನೆ ಮಾತು

“ಇರೋ ಕೆಲಸ ಬಿಟ್ಟು ಸಸಿ ಮಾರ್ತೀಯೇನಮ್ಮಾ?” ಎಂದು ನಮ್ಮತ್ತೆ ಕೇಳಿದಾಗ ನನಗೆ ಕಣ್ಣು ತುಂಬಿಬಂದಿತು. ಆಮೇಲೆ ಯೋಚಿಸಿದರೆ ಅವರ ಪ್ರಶ್ನೆಯಲ್ಲಿ ಅವಮಾನವಿರಲಿಲ್ಲ, ಭಯವಿತ್ತು; ಎರಡು ಬರಗಾಲ ಕಂಡ ಅವರಿಗೆ ತಿಂಗಳ ಸಂಬಳವೆಂದರೆ ಅನ್ನದ ಭರವಸೆ. ಭಯಕ್ಕೆ ವಾದದಿಂದ ಉತ್ತರ ಕೊಡಲಾಗುವುದಿಲ್ಲ. ಎರಡು ವರ್ಷದ ಲೆಕ್ಕದ ಪುಸ್ತಕವನ್ನು ಅವರ ಮುಂದಿಟ್ಟು ನಮ್ಮ ಯಜಮಾನರು ಓದಿ ಹೇಳಿದರು: ಇಷ್ಟು ಸಸಿ, ಇಷ್ಟು ಬಂತು, ಬ್ಯಾಂಕಿನಲ್ಲಿ ಇಷ್ಟಿದೆ, ಆಗದಿದ್ದರೆ ಈ ತಾರೀಖಿಗೆ ಮತ್ತೆ ಕೆಲಸ ಹುಡುಕುತ್ತೇವೆ. “ತಾರೀಖು ಬರೆದಿಡಿ” ಎಂದರು ಅತ್ತೆ. ನನ್ನ ಇಡೀ ಯೋಜನೆಗೆ ಅದಕ್ಕಿಂತ ಬೆಲೆಬಾಳುವ ಸಲಹೆ ಯಾರಿಂದಲೂ ಸಿಗಲಿಲ್ಲ.

ಆದ್ದರಿಂದ ನೀವೂ ಬರೆದಿಡಿ: ಯಾವ ದಿನಾಂಕದೊಳಗೆ, ತಿಂಗಳಿಗೆ ಸರಾಸರಿ ಎಷ್ಟು ಉಳಿಯದಿದ್ದರೆ ಹಿಂದಿರುಗುತ್ತೀರಿ ಎಂಬುದನ್ನು ಮನೆಯವರ ಎದುರು ಒಪ್ಪಿಕೊಳ್ಳಿ. ಹಿಂದಿರುಗುವ ಬಾಗಿಲು ತೆರೆದಿರಲೆಂದೇ ಹಳೆಯ ಕಚೇರಿಯಲ್ಲಿ ನೋಟಿಸ್ ಅವಧಿಯನ್ನು ಪೂರ್ತಿಮಾಡಿ, ಕೆಲಸವನ್ನು ಅಚ್ಚುಕಟ್ಟಾಗಿ ಒಪ್ಪಿಸಿ, ಅನುಭವ ಪತ್ರ ಮತ್ತು ಬಿಡುಗಡೆ ಪತ್ರ ಪಡೆದು ಹೊರಡಿ.

ಬಿಟ್ಟ ಮೇಲಿನ ಮೊದಲ ವರ್ಷ

ಕಸಿ ಕಟ್ಟಿದ ಮೇಲೆ ಎರಡು ಮೂರು ವಾರಗಳಲ್ಲಿ ಕಡ್ಡಿ ಚಿಗುರುತ್ತದೆ. ಅದೇ ಹೊತ್ತಿಗೆ ಗಂಟಿನ ಕೆಳಗೆ ಬೇರುಗಿಡವೂ ತನ್ನದೇ ಚಿಗುರು ಹೊಡೆಯುತ್ತದೆ. ಅದು ಹೆಚ್ಚು ಹುಲುಸಾಗಿಯೂ ಇರುತ್ತದೆ. ವಾರಕ್ಕೊಮ್ಮೆ ನೋಡಿ ಚಿವುಟದಿದ್ದರೆ ಆಹಾರವೆಲ್ಲ ಅದಕ್ಕೇ ಹೋಗಿ ಕಸಿ ಸೊರಗುತ್ತದೆ. ನನಗೂ ಹಾಗೆಯೇ ಆಯಿತು: ಬಿಟ್ಟ ಕಚೇರಿಯಿಂದ ತಿಂಗಳ ಕೊನೆಯ ಲೆಕ್ಕ ಮುಗಿಸಿಕೊಡಲು ಕರೆ ಬರತೊಡಗಿತು. ಹಣ ಕೊಡುತ್ತಿದ್ದರು, ಪರಿಚಿತ ಕೆಲಸ, ಹೊಗಳಿಕೆಯೂ ಸಿಗುತ್ತಿತ್ತು. ನಾಲ್ಕು ತಿಂಗಳು ಒಪ್ಪಿಕೊಂಡೆ. ಆ ಮಳೆಗಾಲದಲ್ಲಿ ಕಟ್ಟಬೇಕಿದ್ದ ಕಸಿಗಳಲ್ಲಿ ಅರ್ಧ ಕಟ್ಟಲಾಗಲಿಲ್ಲ. ಹಲಸಿನ ಬೀಜ ಒಣಗಿದರೆ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣಿನ ಕಾಲದಲ್ಲಿಯೇ ಬಿತ್ತಬೇಕಿತ್ತು. ಅದೂ ತಡವಾಗಿ, ಮುಂದಿನ ವರ್ಷದ ಬೇರುಗಿಡಗಳೂ ಕಡಿಮೆಯಾದವು. ಹಳೆಯ ಕೆಲಸದ ಗಳಿಕೆ ಬೇಕೇ ಬೇಕೆಂದಿದ್ದರೆ ಅದಕ್ಕೆ ವಾರದಲ್ಲಿ ಇಂತಿಷ್ಟೇ ಗಂಟೆ ಎಂದು ಮೊದಲೇ ಗೆರೆ ಎಳೆಯಿರಿ, ಹೊಸ ಕಸುಬಿನ ಹಂಗಾಮಿನಲ್ಲಿ ಒಪ್ಪಿಕೊಳ್ಳಲೇಬೇಡಿ.

ಮದುವೆ ಮನೆಗಳಲ್ಲಿ “ಈಗ ಏನು ಮಾಡ್ತಾ ಇದೀರಿ?” ಎಂಬ ಪ್ರಶ್ನೆ ಬರುತ್ತದೆ. ಮೊದಮೊದಲು ನಾನು “ಮೊದಲು ಅಕೌಂಟ್ಸ್‌ನಲ್ಲಿದ್ದೆ, ಈಗ ಸ್ವಲ್ಪ…” ಎಂದು ತಡವರಿಸುತ್ತಿದ್ದೆ. “ಹಲಸಿನ ಕಸಿ ಸಸಿ ಬೆಳೆಸುತ್ತೇನೆ” ಎಂದು ನೇರವಾಗಿ ಹೇಳಲು ಕಲಿತ ಮೇಲೆ ಕೇಳಿದವರಲ್ಲಿ ಕೆಲವರು ಗಿರಾಕಿಗಳಾದರು. ಕನ್ನಡಿಯ ಮುಂದೆ ನಿಂತಾದರೂ ಆ ವಾಕ್ಯವನ್ನು ಅಭ್ಯಾಸ ಮಾಡಿ.

ದಿನದ ಹೊತ್ತನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ, ಕಚೇರಿಯಂತೆಯೇ ಶುರುವಿಗೂ ಮುಗಿತಾಯಕ್ಕೂ ಗಂಟೆ ಗೊತ್ತುಮಾಡಿ. ತಿಂಗಳ ಕೊನೆಯ ಭಾನುವಾರ ಮನೆಯವರೊಡನೆ ಲೆಕ್ಕದ ಪುಸ್ತಕ ತೆರೆಯುವ ರೂಢಿ ತಪ್ಪಿಸಬೇಡಿ, ಬರೆಯಲು ಒಳ್ಳೆಯದೇನೂ ಇಲ್ಲದ ತಿಂಗಳಲ್ಲಿಯಂತೂ ತಪ್ಪಿಸಲೇಬೇಡಿ.

ನಾವು ಬರೆದಿಟ್ಟ ತಾರೀಖು 2025ರ ಮಾರ್ಚ್ 31, ಮೊತ್ತ ತಿಂಗಳಿಗೆ ಸರಾಸರಿ 22,000. ಆ ಸಂಜೆ ಹಜಾರದಲ್ಲಿ ಕುಳಿತು ಹನ್ನೆರಡು ತಿಂಗಳನ್ನು ಕೂಡಿ ಭಾಗಿಸಿದಾಗ 23,400 ಬಂದಿತು. ಅತ್ತೆ ಎರಡು ಸಲ ಕೂಡಿಸಿ ಎಂದರು, ಕೂಡಿಸಿದೆವು. ಆಮೇಲೆ ಪುಸ್ತಕದ ಹೊಸ ಪುಟದಲ್ಲಿ ಮುಂದಿನ ಎರಡು ವರ್ಷದ ತಾರೀಖನ್ನೂ ಮೊತ್ತವನ್ನೂ ಅವರೇ ಹೇಳಿ ಬರೆಸಿದರು.